ಗುಂಡಿ ಒಂದೇ, ಹೆಸರು ಎರಡು: ಕನ್ನಡ ಪರದೆಯನ್ನು ಯಂತ್ರ ಪರೀಕ್ಷಿಸುವುದು ಹೇಗೆ?

ಗಡಿನಾಡಿನಲ್ಲಿ ಒಂದು ಊರಿಗೆ ಎರಡು ಹೆಸರು ಇರುವುದು ಹೊಸ ಸಂಗತಿಯೇನಲ್ಲ. ಕನ್ನಡಿಗರ ಮಂಜೇಶ್ವರ ಮಲಯಾಳದಲ್ಲಿ ಮಂಜೇಶ್ವರಂ. ಹೊಸೂರು ತಮಿಳರ ಬಾಯಲ್ಲಿ ಓಸೂರ್. ಸೊಲ್ಲಾಪುರ ಮರಾಠಿಯಲ್ಲಿ ಸೋಲಾಪುರ, ಆದವಾನಿ ತೆಲುಗಿನಲ್ಲಿ ಆದೋನಿ. ಬಸ್ಸಿನ ಬೋರ್ಡು ಯಾವ ಲಿಪಿಯಲ್ಲಿದ್ದರೂ ಊರಿನವರಿಗೆ ಗೊಂದಲವಿಲ್ಲ. ಆದರೆ ಎಲ್ಲೋ ದೂರದಲ್ಲಿ ಕುಳಿತು ಕಾಗದ ವಿಂಗಡಿಸುವ ಅಂಚೆ ನೌಕರನಿಗೆ ಗೊಂದಲವಾಗುತ್ತಿತ್ತು. ಒಂದೇ ಹೆಸರಿನ ಹಲವು ಊರುಗಳು, ತಪ್ಪು ವಿಳಾಸ, ಹತ್ತಾರು ಭಾಷೆಗಳು. ಇದಕ್ಕೆ ಪರಿಹಾರವಾಗಿ ಬಂದದ್ದೇ ಆರು ಅಂಕಿಗಳ ಪಿನ್ ಕೋಡ್. ಅದು ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಊರಿನ ಹೆಸರನ್ನು ಯಾವ ಭಾಷೆಯಲ್ಲಿ ಹೇಗೆ ಬರೆದಿದ್ದರೂ 671121 ಎಂಬ ಸಂಖ್ಯೆ ಇದ್ದರೆ ಕಾಗದ ಕಾಸರಗೋಡಿಗೇ ಬರುತ್ತದೆ.

ಗಣಕಯಂತ್ರದ ಪರದೆಯಲ್ಲೂ ಇದೇ ಸಮಸ್ಯೆ ಇದೆ. ಇಂಗ್ಲಿಷ್‌ನಲ್ಲಿ 'ಸಬ್‌ಮಿಟ್' ಎಂದಿರುವ ಗುಂಡಿ ಕನ್ನಡದಲ್ಲಿ 'ಸಲ್ಲಿಸಿ' ಆಗುತ್ತದೆ. ಬಳಸುವವರಿಗೆ ಇದರಿಂದ ಅನುಕೂಲವೇ. ಆದರೆ ಆ ಗುಂಡಿ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವ ಯಂತ್ರಕ್ಕೆ ಇದರಿಂದ ದಾರಿ ತಪ್ಪುತ್ತದೆ. ಜಾಲತಾಣಗಳ ಮತ್ತು ಮೊಬೈಲ್ ತಂತ್ರಾಂಶಗಳ ಕನ್ನಡ ಆವೃತ್ತಿ ಇಂಗ್ಲಿಷ್ ಆವೃತ್ತಿಗಿಂತ ಹೆಚ್ಚು ಕೈಕೊಡುವುದಕ್ಕೆ ಇದೂ ಒಂದು ಕಾರಣ.

ಪರೀಕ್ಷೆ ಮಾಡುವ ಯಂತ್ರ

ಪಿಂಚಣಿಯ ಅರ್ಜಿ, ಬಸ್ ಟಿಕೆಟ್, ಬ್ಯಾಂಕ್ ಖಾತೆ ಹೀಗೆ ಯಾವುದೇ ತಂತ್ರಾಂಶವಿರಲಿ, ಅದರಲ್ಲಿ ವಾರ ವಾರವೂ ಏನಾದರೂ ಬದಲಾವಣೆ ಆಗುತ್ತಲೇ ಇರುತ್ತದೆ. ಪ್ರತಿ ಬಾರಿಯೂ ಎಲ್ಲ ಪುಟಗಳನ್ನೂ ಮನುಷ್ಯರೇ ತೆರೆದು, ಎಲ್ಲ ಗುಂಡಿಗಳನ್ನೂ ಒತ್ತಿ ನೋಡುವುದು ಆಗದ ಕೆಲಸ. ಆದ್ದರಿಂದ ಆ ಕೆಲಸವನ್ನು ಇನ್ನೊಂದು ತಂತ್ರಾಂಶಕ್ಕೆ ವಹಿಸುತ್ತಾರೆ. ಅದು ಮನುಷ್ಯರಂತೆಯೇ ಪುಟ ತೆರೆಯುತ್ತದೆ, ಹೆಸರು ತುಂಬುತ್ತದೆ, ಗುಂಡಿ ಒತ್ತುತ್ತದೆ, ಬಂದ ಉತ್ತರ ಸರಿಯೇ ಎಂದು ನೋಡುತ್ತದೆ. ರಾತ್ರಿ ಇಡೀ ನೂರಾರು ಪರೀಕ್ಷೆ ನಡೆಸಿ ಬೆಳಿಗ್ಗೆ ವರದಿ ಒಪ್ಪಿಸುತ್ತದೆ. ಇದಕ್ಕೆ ಸ್ವಯಂಚಾಲಿತ ಪರೀಕ್ಷೆ ಎಂದು ಹೆಸರು.

ಇಂತಹ ಸಾಧನಗಳಲ್ಲಿ ಹೆಸರುವಾಸಿಯಾದದ್ದು ಸೆಲೆನಿಯಂ. 2004ರಲ್ಲಿ ಅಮೆರಿಕದ ಶಿಕಾಗೋದಲ್ಲಿ, ಥಾಟ್‌ವರ್ಕ್ಸ್ ಕಂಪನಿಯಲ್ಲಿದ್ದ ಜೇಸನ್ ಹಗಿನ್ಸ್ ಇದನ್ನು ಆರಂಭಿಸಿದರು. ಆಗ ಇದೇ ಕ್ಷೇತ್ರದಲ್ಲಿ ಮರ್ಕ್ಯುರಿ ಎಂಬ ದೊಡ್ಡ ಕಂಪನಿ ಇತ್ತು. ಮರ್ಕ್ಯುರಿ ಎಂದರೆ ಪಾದರಸ. ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಎಂಬ ತಮಾಷೆಯಿಂದ ಈ ಹೆಸರು ಹುಟ್ಟಿತು. ಬ್ರೌಸರನ್ನು ಹೀಗೆ ಹೊರಗಿನಿಂದ ನಡೆಸುವ ವೆಬ್‌ಡ್ರೈವರ್ ಎಂಬ ವಿಧಾನ 2018ರಲ್ಲಿ ಅಧಿಕೃತ ಅಂತರ್ಜಾಲ ಶಿಷ್ಟತೆಯಾಯಿತು. ಮೈಕ್ರೋಸಾಫ್ಟ್‌ನ ಪ್ಲೇರೈಟ್ 2020ರಲ್ಲಿ ಬಂತು. ಹೆಸರು ಯಾವುದಾದರೂ ಇರಲಿ, ಎಲ್ಲ ಸಾಧನಗಳಿಗೂ ಮೊದಲು ಉತ್ತರ ಬೇಕಾದ ಪ್ರಶ್ನೆ ಒಂದೇ: ಒತ್ತಬೇಕಾದ ಗುಂಡಿ ಯಾವುದು?

ಅಕ್ಷರ ನಂಬಿ ಕೆಟ್ಟ ಪರೀಕ್ಷೆ

ಗುಂಡಿಯನ್ನು ಗುರುತಿಸಲು ಹಲವು ದಾರಿಗಳಿವೆ. ಪರೀಕ್ಷೆ ಬರೆಯುವವರಿಗೆ ತಟ್ಟನೆ ಹೊಳೆಯುವುದು ಗುಂಡಿಯ ಮೇಲಿನ ಬರಹ. 'ಸಬ್‌ಮಿಟ್ ಎಂದು ಬರೆದಿರುವ ಗುಂಡಿಯನ್ನು ಒತ್ತು' ಎಂದರೆ ಮುಗಿಯಿತು. ಬರೆಯಲು ಸುಲಭ, ಓದಿದವರಿಗೆ ಅರ್ಥವೂ ಆಗುತ್ತದೆ.

ತೊಂದರೆ ಶುರುವಾಗುವುದು ಆಮೇಲೆ. ಇಂಗ್ಲಿಷ್‌ನಲ್ಲಿ ಬರೆದ ಮುನ್ನೂರು ಪರೀಕ್ಷೆಗಳಿವೆ ಎಂದಿಟ್ಟುಕೊಳ್ಳಿ. ಪುಟವನ್ನು ಕನ್ನಡಕ್ಕೆ ಬದಲಿಸಿ ಅವುಗಳನ್ನೇ ಓಡಿಸಿದರೆ ಮೊದಲ ಗುಂಡಿಯಲ್ಲೇ ಎಲ್ಲವೂ ನಿಲ್ಲುತ್ತವೆ. 'ಸಬ್‌ಮಿಟ್' ಎಂಬ ಗುಂಡಿ ಆ ಪುಟದಲ್ಲಿ ಇಲ್ಲವೇ ಇಲ್ಲ! ಅರ್ಜಿ ಸರಿಯಾಗಿಯೇ ಇದೆ, ಗುಂಡಿಯೂ ಕೆಲಸ ಮಾಡುತ್ತಿದೆ. ಆದರೂ ವರದಿಯಲ್ಲಿ ಮುನ್ನೂರಕ್ಕೆ ಮುನ್ನೂರೂ ಫೇಲು.

ಆಗ ತಂಡದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಕೆಲವರು ಕನ್ನಡದಲ್ಲಿ ಪರೀಕ್ಷೆ ನಡೆಸುವುದನ್ನೇ ಬಿಡುತ್ತಾರೆ. ಇಂಗ್ಲಿಷ್‌ನಲ್ಲಿ ಸರಿಯಿದ್ದರೆ ಕನ್ನಡದಲ್ಲೂ ಸರಿಯಿರುತ್ತದೆ ಎಂಬ ನಂಬಿಕೆ ಅವರದು. ಪರಿಣಾಮವಾಗಿ ಕನ್ನಡ ಪುಟದಲ್ಲಿ ಮುಂದೆ ಏನು ಕೆಟ್ಟರೂ, ಯಾರೋ ಅರ್ಜಿದಾರರು ಅರ್ಧಕ್ಕೆ ಸಿಕ್ಕಿಕೊಳ್ಳುವವರೆಗೆ ಅದು ಯಾರಿಗೂ ತಿಳಿಯುವುದಿಲ್ಲ. ಇನ್ನು ಕೆಲವರು ಕನ್ನಡ ಪದಗಳನ್ನೇ ಪರೀಕ್ಷೆಯೊಳಗೆ ಬರೆದಿಡುತ್ತಾರೆ. ಆಗ ಅನುವಾದದಲ್ಲಿ ಒಂದು ತಪ್ಪು ಕಂಡು ಯಾರಾದರೂ ತಿದ್ದಿದರೆ ಹತ್ತಾರು ಪರೀಕ್ಷೆಗಳು ಬೀಳುತ್ತವೆ. ಬೀಳುವ ಭಯಕ್ಕೆ ತಿದ್ದುಪಡಿಯೇ ನಿಂತುಹೋಗುತ್ತದೆ. ಯಾರಿಗೂ ಅರ್ಥವಾಗದ ಕನ್ನಡ ಪದವೊಂದು ವರ್ಷಗಟ್ಟಲೆ ಗುಂಡಿಯ ಮೇಲೆ ಕುಳಿತಿರುವುದಕ್ಕೆ ಅನುವಾದಕರ ಅಲಕ್ಷ್ಯವೇ ಯಾವಾಗಲೂ ಕಾರಣವಲ್ಲ.

ವಿಕಿಪೀಡಿಯದ ಪಾಠ

ಇದನ್ನು ಸರಿಯಾಗಿ ನಿಭಾಯಿಸಿದ ಒಂದು ಉದಾಹರಣೆ ಎಲ್ಲರ ಕಣ್ಣೆದುರೇ ಇದೆ. ಕನ್ನಡ ವಿಕಿಪೀಡಿಯ 2003ರಲ್ಲಿ, ತುಳು ವಿಕಿಪೀಡಿಯ 2016ರಲ್ಲಿ ಆರಂಭವಾದವು. ಎರಡರ ಹಿಂದೆಯೂ ಇರುವುದು ಮೀಡಿಯಾವಿಕಿ ಎಂಬ ಒಂದೇ ತಂತ್ರಾಂಶ. ಅದು ನೂರಾರು ಭಾಷೆಗಳಲ್ಲಿ ಕಾಣಿಸಿಕೊಳ್ಳಬೇಕು. ಆದ್ದರಿಂದ ಅದರಲ್ಲಿ ಪರದೆಯ ಪ್ರತಿಯೊಂದು ಬರಹಕ್ಕೂ ಒಂದು ಒಳಹೆಸರು ಇದೆ. ಆ ಒಳಹೆಸರಿಗೆ ಇಂಗ್ಲಿಷ್‌ನಲ್ಲಿ ಹೀಗೆ, ಕನ್ನಡದಲ್ಲಿ ಹೀಗೆ, ತುಳುವಿನಲ್ಲಿ ಹೀಗೆ ಎಂಬ ಪಟ್ಟಿಗಳು ಬೇರೆಯಾಗಿ ಇರುತ್ತವೆ. ಸ್ವಯಂಸೇವಕರು ಆ ಪಟ್ಟಿಗಳನ್ನು ತುಂಬುತ್ತಾರೆ.

ಬರಹಕ್ಕೆ ಮಾತ್ರವಲ್ಲ, ಗುಂಡಿಗೂ ಅದರದೇ ಒಳಗಿನ ಗುರುತು ಇದೆ. ಲೇಖನ ತಿದ್ದಿದ ಮೇಲೆ ಒತ್ತುವ ಗುಂಡಿಯ ಗುರುತು 'ಡಬ್ಲ್ಯುಪಿಸೇವ್'. ಬಹಳ ವರ್ಷ ಇಂಗ್ಲಿಷ್‌ನಲ್ಲಿ ಆ ಗುಂಡಿಯ ಮೇಲೆ 'ಸೇವ್ ಪೇಜ್' ಎಂದಿತ್ತು. ಹೊಸದಾಗಿ ಬಂದವರು ಅದನ್ನು ಒತ್ತಿದರೆ ತಮ್ಮ ಬರಹ ತಮಗಷ್ಟೇ ಉಳಿಯುತ್ತದೆ ಎಂದುಕೊಳ್ಳುತ್ತಿದ್ದರು. ಒತ್ತಿದ ಕ್ಷಣವೇ ಅದು ಲೋಕಕ್ಕೆಲ್ಲ ಕಾಣುತ್ತದೆ ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ 2016ರಿಂದ ಮುಂದೆ ವಿಕಿಪೀಡಿಯಗಳಲ್ಲಿ ಆ ಬರಹವನ್ನು 'ಪಬ್ಲಿಷ್', ಅಂದರೆ ಪ್ರಕಟಿಸು, ಎಂಬ ಅರ್ಥಕ್ಕೆ ಬದಲಿಸಲಾಯಿತು. ಬರಹ ನಂಬಿ ಬರೆದಿದ್ದ ಪರೀಕ್ಷೆಗಳಿಗೆ ಇದು ಪೆಟ್ಟು. ಗುರುತು ನಂಬಿದವಕ್ಕೆ ಏನೂ ಆಗುವುದಿಲ್ಲ, ಏಕೆಂದರೆ ಮೇಲಿನ ಹೆಸರು ಬದಲಾದರೂ ಒಳಗೆ ಗುಂಡಿ ಇಂದಿಗೂ 'ಡಬ್ಲ್ಯುಪಿಸೇವ್' ಆಗಿಯೇ ಇದೆ. ಜಮೀನಿಗೆ ಜನ ಕರೆಯುವ ಹೆಸರು ಬದಲಾದರೂ ಸರ್ವೆ ನಂಬರ್ ಬದಲಾಗದಂತೆ.

ಮೀಡಿಯಾವಿಕಿಯಲ್ಲಿ ಇನ್ನೊಂದು ಸೌಲಭ್ಯವಿದೆ. ಅದರಲ್ಲಿ 'ಕ್ಯುಕ್ಯುಎಕ್ಸ್' ಎಂಬ ಸುಳ್ಳು ಭಾಷೆಯೊಂದನ್ನು ಇಟ್ಟಿದ್ದಾರೆ. ಆ ಭಾಷೆಯಲ್ಲಿ ಪುಟ ತೆರೆದರೆ ಪರದೆಯಲ್ಲಿ ಪದಗಳ ಬದಲು ಅವುಗಳ ಒಳಹೆಸರುಗಳೇ ಕಾಣುತ್ತವೆ. ಈ ಪದ ಯಾವ ಪಟ್ಟಿಯ ಯಾವ ಸಾಲಿನಿಂದ ಬಂತು ಎಂದು ಹುಡುಕುವ ಅನುವಾದಕರಿಗೆ ಇದರಿಂದ ದೊಡ್ಡ ಉಪಕಾರ. ಪುಟದಲ್ಲಿ ಎಲ್ಲಾದರೂ ಇಂಗ್ಲಿಷ್ ಪದ ಹಾಗೆಯೇ ಉಳಿದಿದ್ದರೆ, ಅದನ್ನು ಪಟ್ಟಿಗೆ ಸೇರಿಸದೆ ನೇರವಾಗಿ ಬರೆದುಬಿಟ್ಟಿದ್ದಾರೆ ಎಂಬುದೂ ಆಗಲೇ ಗೊತ್ತಾಗುತ್ತದೆ.

ತುಳುವಿನ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಯಾವುದಾದರೂ ಬರಹಕ್ಕೆ ತುಳು ಅನುವಾದ ಇಲ್ಲದಿದ್ದರೆ ತಂತ್ರಾಂಶ ಮೊದಲು ಕನ್ನಡದ್ದನ್ನು ತೋರಿಸುತ್ತದೆ. ಅದೂ ಇಲ್ಲದಿದ್ದರೆ ಮಾತ್ರ ಇಂಗ್ಲಿಷ್. ಓದುವವರಿಗೆ ಇದು ಒಳ್ಳೆಯ ವ್ಯವಸ್ಥೆ. ಆದರೆ 'ಗುಂಡಿಯ ಮೇಲೆ ಏನಾದರೂ ಬರಹ ಇದೆಯೇ' ಎಂದು ಮಾತ್ರ ಕೇಳುವ ಪರೀಕ್ಷೆಗೆ ಇಲ್ಲಿ ಮೋಸವಾಗುತ್ತದೆ. ಅನುವಾದವೇ ಆಗದಿದ್ದರೂ ಬರಹ ಇದ್ದೇ ಇರುತ್ತದೆ, ಪರೀಕ್ಷೆ ಪಾಸಾಗುತ್ತದೆ. ಅನುವಾದ ಪೂರ್ತಿಯಾಗಿದೆಯೇ ಎಂಬುದನ್ನು ಪರದೆಯಲ್ಲಿ ಹುಡುಕಬಾರದು, ಪಟ್ಟಿಯಲ್ಲೇ ನೋಡಬೇಕು.

ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ

ಬರಹವನ್ನು ಹೋಲಿಸಲೇಬೇಕಾದ ಸಂದರ್ಭಗಳೂ ಬರುತ್ತವೆ. ಆಗ ಕನ್ನಡ ಲಿಪಿಯ ಕೆಲವು ಸೂಕ್ಷ್ಮಗಳನ್ನು ತಿಳಿದಿರಬೇಕು.

ಯುನಿಕೋಡ್‌ನಲ್ಲಿ 'ಶೋಧಿಸಿ' ಎಂಬ ಪದದ ಮೊದಲ ಅಕ್ಷರ ನೋಡಿ. ಅದರ ಓಕಾರದ ಚಿಹ್ನೆಗೆ ಒಂದೇ ಸಂಕೇತವಿದೆ. ಅದೇ ಓಕಾರವನ್ನು ಎತ್ವ, ಕೊಂಬಿನ ದೀರ್ಘ ಮತ್ತು ಕೊನೆಯ ದೀರ್ಘ ಎಂದು ಮೂರು ತುಂಡುಗಳಾಗಿ ಬಿಡಿಸಿಯೂ ಉಳಿಸಬಹುದು. ಎರಡೂ ನಿಯಮಬದ್ಧ, ಎರಡೂ ಪರದೆಯಲ್ಲಿ ಒಂದೇ ರೀತಿ ಕಾಣಬೇಕು. ಆದರೆ ಅಕ್ಷರಕ್ಕೆ ಅಕ್ಷರ ಹೋಲಿಸುವ ಯಂತ್ರಕ್ಕೆ ಅವು ಎರಡು ಬೇರೆ ಪದಗಳು. ಈ ಬಗೆಯ ಭೇದವನ್ನು ಅಳಿಸಿ ಒಂದೇ ರೂಪಕ್ಕೆ ತರುವ ವಿಧಾನ ಯುನಿಕೋಡ್‌ನಲ್ಲೇ ಇದೆ. ಎನ್‌ಎಫ್‌ಸಿ ಎಂಬುದು ಅಂತಹ ಒಂದು ರೂಪ. ಹೋಲಿಸುವ ಮೊದಲು ಎರಡೂ ಕಡೆಯ ಬರಹವನ್ನು ಈ ರೂಪಕ್ಕೆ ತರುವುದು ಕಡ್ಡಾಯ ಎನ್ನಬೇಕು.

ಇನ್ನೊಂದು ಕಿರಿಕಿರಿ ಕಣ್ಣಿಗೆ ಕಾಣದ ಅಕ್ಷರಗಳದ್ದು. 'ಸಾಫ್ಟ್‌ವೇರ್' ಎಂದು ಬಿಡಿಸಿ ಬರೆಯಲು ನಡುವೆ ಶೂನ್ಯ ಅಗಲದ ಒಂದು ಚಿಹ್ನೆ ಹಾಕಬೇಕು. ಹಾಕದಿದ್ದರೆ 'ವ' ಒತ್ತಕ್ಷರವಾಗಿ 'ಸಾಫ್ಟ್ವೇರ್' ಆಗುತ್ತದೆ. ಪದದ ನಡುವೆ ಇದ್ದರೆ ವ್ಯತ್ಯಾಸ ಕಾಣುತ್ತದೆ. ಆದರೆ ಟೈಪು ಮಾಡುವಾಗ 'ಬ್ಯಾಂಕ್' ಎಂಬ ಪದದ ಕೊನೆಯಲ್ಲಿ ಅದೇ ಚಿಹ್ನೆ ಸೇರಿಕೊಂಡರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಪರೀಕ್ಷೆ ಮಾತ್ರ ಬೀಳುತ್ತದೆ. ಈ ಚಿಹ್ನೆಯನ್ನು ಎನ್‌ಎಫ್‌ಸಿಯೂ ತೆಗೆಯುವುದಿಲ್ಲ. ಪದದ ಕೊನೆಯಲ್ಲಿದ್ದರೆ ಬೇರೆಯಾಗಿ ಹುಡುಕಿ ತೆಗೆಯಬೇಕು.

ಅಂಕಿಗಳ ಕತೆಯೂ ಹೀಗೆಯೇ. ಕನ್ನಡ ವಿಕಿಪೀಡಿಯ ದಿನಾಂಕವನ್ನು ಕನ್ನಡ ಅಂಕಿಗಳಲ್ಲಿ ತೋರಿಸುತ್ತದೆ. '10' ಹುಡುಕುವ ಪರೀಕ್ಷೆಗೆ '೧೦' ಸಿಗುವುದಿಲ್ಲ. ವಾಕ್ಯದ ಕ್ರಮವೂ ಬದಲಾಗುತ್ತದೆ. ಇಂಗ್ಲಿಷ್‌ನಲ್ಲಿ ಮೊದಲು ಮೂರನೆಯ ಪುಟ, ಆಮೇಲೆ ಒಟ್ಟು ಹತ್ತು. ಕನ್ನಡದಲ್ಲಿ ಹತ್ತರಲ್ಲಿ ಮೂರನೆಯದು. ತುಂಡು ತುಂಡು ಪದಗಳನ್ನು ಇಂಗ್ಲಿಷ್ ಕ್ರಮದಲ್ಲಿ ಜೋಡಿಸುವ ತಂತ್ರಾಂಶವೂ ತಪ್ಪು, ಅದನ್ನೇ ನಿರೀಕ್ಷಿಸುವ ಪರೀಕ್ಷೆಯೂ ತಪ್ಪು.

ಹಾಗಾದರೆ ಬರಹ ನೋಡುವುದೇ ಬೇಡವೇ?

ಹಾಗಲ್ಲ. ಗುರುತನ್ನು ಮಾತ್ರ ನಂಬಿದರೆ ಇನ್ನೊಂದು ಬಗೆಯ ಅಪಾಯವಿದೆ. ಕನ್ನಡದಲ್ಲಿ 'ಉಳಿಸಿ' ಮತ್ತು 'ಅಳಿಸಿ' ಎಂಬ ಪದಗಳಿಗೆ ಒಂದೇ ಅಕ್ಷರದ ವ್ಯತ್ಯಾಸ. ಅನುವಾದದ ಪಟ್ಟಿಯಲ್ಲಿ ಇವು ಅದಲುಬದಲಾದವು ಎಂದುಕೊಳ್ಳಿ. ಒಳಗುರುತು ಹಿಡಿದು ಹೋಗುವ ಯಂತ್ರ ಸರಿಯಾದ ಗುಂಡಿಯನ್ನೇ ಒತ್ತುತ್ತದೆ, ಎಲ್ಲ ಸರಿಯಿದೆ ಎಂದು ವರದಿ ಕೊಡುತ್ತದೆ. ಆದರೆ ಕನ್ನಡ ಓದಿಕೊಂಡು 'ಉಳಿಸಿ' ಒತ್ತಿದ ಮನುಷ್ಯನ ಅರ್ಜಿ ಪೂರ್ತಿ ಅಳಿಸಿಹೋಗುತ್ತದೆ.

ಈ ಕಾರಣಕ್ಕೇ ಪರೀಕ್ಷೆ ಬರೆಯುವವರಲ್ಲಿ ಇನ್ನೊಂದು ಪಂಥವೂ ಇದೆ. ಬಳಸುವವರು ಗುಂಡಿಯನ್ನು ಹೇಗೆ ಹುಡುಕುತ್ತಾರೋ ಪರೀಕ್ಷೆಯೂ ಹಾಗೆಯೇ ಹುಡುಕಬೇಕು ಎನ್ನುತ್ತದೆ ಅದು. 2018ರಲ್ಲಿ ಬಂದ ಟೆಸ್ಟಿಂಗ್ ಲೈಬ್ರರಿ, ಆಮೇಲಿನ ಪ್ಲೇರೈಟ್ ಎರಡೂ 'ಇದು ಗುಂಡಿ, ಇದರ ಹೆಸರು ಇಂತಹದು' ಎಂದು ಹುಡುಕುವುದನ್ನೇ ಮೊದಲ ಆಯ್ಕೆಯಾಗಿ ಸೂಚಿಸುತ್ತವೆ. ಇದರಿಂದ ಒಂದು ದೊಡ್ಡ ಲಾಭವಿದೆ. ಕಣ್ಣು ಕಾಣದವರು ಬಳಸುವ ಪರದೆ ಓದುವ ತಂತ್ರಾಂಶಕ್ಕೂ ಸಿಗುವುದು ಇದೇ ಹೆಸರು. ಚಿತ್ರ ಮಾತ್ರ ಇರುವ ಗುಂಡಿಗೆ ಹೆಸರನ್ನೇ ಕೊಡದಿದ್ದರೆ, ಅಥವಾ ಕನ್ನಡ ಪುಟದಲ್ಲೂ ಆ ಹೆಸರು ಇಂಗ್ಲಿಷ್‌ನಲ್ಲೇ ಉಳಿದಿದ್ದರೆ, ಇಂತಹ ಪರೀಕ್ಷೆ ಅದನ್ನು ಹಿಡಿದುಕೊಡುತ್ತದೆ.

ಎರಡು ಪಂಥಗಳಿಗೂ ಹೊಂದಾಣಿಕೆಯ ದಾರಿ ಇದೆ. ಹೆಸರಿನಿಂದಲೇ ಹುಡುಕುವುದಾದರೆ ಆ ಹೆಸರನ್ನು ಪರೀಕ್ಷೆಯೊಳಗೆ ಬರೆದಿಡಬಾರದು. ತಂತ್ರಾಂಶ ಬಳಸುವ ಅದೇ ಅನುವಾದದ ಪಟ್ಟಿಯಿಂದ, ಒಳಹೆಸರು ಹಿಡಿದು, ಆಯಾ ಭಾಷೆಯ ಪದವನ್ನು ತರಿಸಿಕೊಳ್ಳಬೇಕು. ಆಗ ಅನುವಾದ ಎಷ್ಟು ಸಲ ತಿದ್ದಿದರೂ ಪರೀಕ್ಷೆ ಬೀಳುವುದಿಲ್ಲ, ಒಂದೇ ಪರೀಕ್ಷೆ ಕನ್ನಡ, ಮಲಯಾಳ, ಮರಾಠಿ ಎಲ್ಲದರಲ್ಲೂ ಓಡುತ್ತದೆ. ಆದರೆ ಇಲ್ಲೂ ಒಂದು ಎಚ್ಚರಿಕೆ ಬೇಕು. ಪ್ರಶ್ನೆಪತ್ರಿಕೆ, ಉತ್ತರಪತ್ರಿಕೆ ಎರಡೂ ಒಂದೇ ಪಟ್ಟಿಯಿಂದ ಬಂದರೆ ಪಟ್ಟಿಯ ತಪ್ಪು ಗೊತ್ತಾಗುವುದೇ ಇಲ್ಲ. 'ಉಳಿಸಿ' ಇರಬೇಕಾದಲ್ಲಿ 'ಅಳಿಸಿ' ಇದ್ದರೆ ಎರಡೂ ಕಡೆ 'ಅಳಿಸಿ' ಎಂದೇ ಬಂದು ತಾಳೆಯಾಗುತ್ತದೆ. ಇದನ್ನು ಹಿಡಿಯಲು ಕನ್ನಡ ಬಲ್ಲ ಮನುಷ್ಯರ ಕಣ್ಣೇ ಬೇಕು.

ಮನುಷ್ಯರ ಕಣ್ಣು ಬೇಕಾದ ಇನ್ನೊಂದು ಜಾಗ ಗುಂಡಿಯ ಅಳತೆ. ಇಂಗ್ಲಿಷ್ ಪದಕ್ಕೆಂದು ಮಾಡಿದ ಗುಂಡಿಯಲ್ಲಿ ಕನ್ನಡ ಪದ ಹಿಡಿಸದೆ ಅರ್ಧ ಕತ್ತರಿಸಿ ಹೋಗಬಹುದು. ಎತ್ತರ ಸಾಲದಿದ್ದರೆ ಒತ್ತಕ್ಷರದ ಕೆಳಭಾಗವೇ ಕಾಣೆಯಾಗುತ್ತದೆ. ಬರಹವನ್ನು ಮಾತ್ರ ಓದುವ ಪರೀಕ್ಷೆಗೆ ಇದು ತಿಳಿಯದು, ಏಕೆಂದರೆ ಒಳಗೆ ಪದ ಪೂರ್ತಿ ಇದೆ. ಪರದೆಯ ಚಿತ್ರ ತೆಗೆದು ಹಳೆಯ ಚಿತ್ರದೊಂದಿಗೆ ಹೋಲಿಸುವ ಪರೀಕ್ಷೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಅನುವಾದ ಆಗುವ ಮೊದಲೇ ಇದನ್ನು ಊಹಿಸುವ ಉಪಾಯವೂ ಇದೆ. ಆಂಡ್ರಾಯ್ಡ್‌ನಲ್ಲಿ ಪರೀಕ್ಷೆಗೆಂದೇ ಕೃತಕ ಭಾಷೆಯೊಂದಿದೆ. ಅದು ಇಂಗ್ಲಿಷ್ ಪದಗಳಿಗೆ ವಿಚಿತ್ರ ಚಿಹ್ನೆ ಸೇರಿಸಿ ಉದ್ದ ಮಾಡಿ ತೋರಿಸುತ್ತದೆ. ಅಲ್ಲಿ ಪದ ಕತ್ತರಿಸಿದರೆ ಕನ್ನಡದಲ್ಲೂ ಕತ್ತರಿಸುವ ಸಂಭವ ಹೆಚ್ಚು.

ಪರೀಕ್ಷೆ ಬರೆಯುವವರಿಗೆ

ಗಡಿ ಭಾಗದ ಎಷ್ಟೋ ಯುವಕ ಯುವತಿಯರು ಬೆಂಗಳೂರು, ಪುಣೆ, ಹೈದರಾಬಾದ್, ಕೊಚ್ಚಿಗಳಲ್ಲಿ ಇದೇ ಕೆಲಸದಲ್ಲಿದ್ದಾರೆ. ಅವರಿಗಾಗಿ ಮುಖ್ಯ ಅಂಶಗಳು ಇಲ್ಲಿವೆ:

1. ಕೆಲಸ ನಡೆಯುತ್ತದೆಯೇ ಎಂಬ ಪರೀಕ್ಷೆ ಬೇರೆ, ಬರಹ ಸರಿಯಿದೆಯೇ ಎಂಬ ಪರೀಕ್ಷೆ ಬೇರೆ. ಮೊದಲನೆಯದಕ್ಕೆ ಬದಲಾಗದ ಗುರುತು ಅಥವಾ ಪಟ್ಟಿಯ ಒಳಹೆಸರು ಬಳಸಿ.

2. ತಂತ್ರಾಂಶ ತಾನೇ ಹುಟ್ಟಿಸುವ ಗುರುತುಗಳು ಪ್ರತಿ ಆವೃತ್ತಿಯಲ್ಲೂ ಬದಲಾಗಬಹುದು. 'ಪುಟದ ಮೂರನೆಯ ಗುಂಡಿ' ಎಂಬ ಲೆಕ್ಕವೂ ಅಷ್ಟೆ. ಪರೀಕ್ಷೆಗೆಂದೇ ಒಂದು ಗುರುತು ಇಡುವಂತೆ ತಂತ್ರಾಂಶ ಬರೆಯುವವರನ್ನು ಕೇಳಿ.

3. ಬರಹದ ಒಂದು ಭಾಗ ಮಾತ್ರ ಹುಡುಕಬೇಡಿ. 'ಅಳಿಸಿ' ಹುಡುಕಿದರೆ 'ಎಲ್ಲವನ್ನೂ ಅಳಿಸಿ' ಮೊದಲು ಸಿಗಬಹುದು.

4. ಕನ್ನಡ ಪಟ್ಟಿಯಲ್ಲಿ ಯಾವ ಸಾಲು ಖಾಲಿ ಇದೆ, ಯಾವುದರಲ್ಲಿ ಇಂಗ್ಲಿಷ್ ಹಾಗೆಯೇ ಇದೆ ಎಂದು ನೋಡುವ ಚಿಕ್ಕ ಪರೀಕ್ಷೆಯನ್ನು ಪ್ರತಿದಿನ ಓಡಿಸಿ.

5. ಹೋಲಿಸುವ ಮೊದಲು ಎನ್‌ಎಫ್‌ಸಿ ರೂಪಕ್ಕೆ ತನ್ನಿ, ತುದಿಯ ಖಾಲಿ ಜಾಗ ಮತ್ತು ಕಾಣದ ಚಿಹ್ನೆಗಳನ್ನು ತೆಗೆಯಿರಿ.

6. ಇಡೀ ಪರೀಕ್ಷೆಯನ್ನು ಎಲ್ಲ ಭಾಷೆಗಳಲ್ಲೂ ಓಡಿಸಲು ಸಮಯ ಸಾಲದಿದ್ದರೆ, ಅರ್ಜಿ ಸಲ್ಲಿಸುವುದು, ಹಣ ಕಟ್ಟುವುದು, ರಸೀದಿ ಪಡೆಯುವುದು ಇಷ್ಟನ್ನಾದರೂ ಕನ್ನಡದಲ್ಲಿ ಓಡಿಸಿ.

ಬಳಸುವವರಿಗೆ

ಕನ್ನಡ ಪುಟದಲ್ಲಿ ತೊಂದರೆ ಕಂಡರೆ ಹೆಚ್ಚಿನವರು ಸದ್ದಿಲ್ಲದೆ ಇಂಗ್ಲಿಷ್‌ಗೋ ರಾಜ್ಯಭಾಷೆಗೋ ಬದಲಾಯಿಸಿ ಕೆಲಸ ಮುಗಿಸುತ್ತಾರೆ. ಎರಡು ಭಾಷೆ ಬಲ್ಲವರಿಗೆ ಅದು ಸುಲಭ. ಆದರೆ ಅದರಿಂದ ದೋಷ ಅಲ್ಲೇ ಉಳಿಯುತ್ತದೆ. ಕನ್ನಡ ಮಾತ್ರ ಓದಬಲ್ಲ ಮನೆಯ ಹಿರಿಯರು ಅಲ್ಲಿಯೇ ಎಡವುತ್ತಾರೆ. ಪರದೆಯ ಚಿತ್ರ ತೆಗೆದು, ಯಾವ ಪುಟ, ಯಾವ ಭಾಷೆ, ಯಾವ ಗುಂಡಿ ಒತ್ತಿದಾಗ ಏನಾಯಿತು ಎಂಬ ನಾಲ್ಕು ಸಾಲು ಬರೆದು ಆ ತಾಣದ ದೂರು ವಿಭಾಗಕ್ಕೆ ಕಳುಹಿಸಬಹುದು. ಅದೇ ಕೆಲಸ ಇಂಗ್ಲಿಷ್‌ನಲ್ಲಿ ಆಗುತ್ತದೆಯೇ ಎಂಬುದನ್ನೂ ನೋಡಿ ಬರೆದರೆ ಇನ್ನೂ ಒಳ್ಳೆಯದು. ಇಂಗ್ಲಿಷ್‌ನಲ್ಲಿ ಆಗಿ ಕನ್ನಡದಲ್ಲಿ ಆಗದಿದ್ದರೆ ತಪ್ಪು ಎಲ್ಲಿದೆ ಎಂದು ತಂಡದವರಿಗೆ ಅರ್ಧ ಗೊತ್ತಾದಂತೆ.

ಪಿನ್ ಕೋಡ್ ಬಂದು ಐವತ್ತು ವರ್ಷಗಳ ಮೇಲಾಯಿತು. ಆದರೂ ಲಕೋಟೆಯ ಮೇಲೆ ಊರಿನ ಹೆಸರು ಬರೆಯುವುದನ್ನು ಯಾರೂ ಬಿಟ್ಟಿಲ್ಲ. ಸಂಖ್ಯೆ ವಿಂಗಡಿಸುವವರಿಗೆ, ಹೆಸರು ಮನೆಗೆ ತಂದುಕೊಡುವವರಿಗೆ. ಗುಂಡಿಯ ವಿಷಯವೂ ಇಷ್ಟೇ. ಒಳಗಿನ ಗುರುತು ಯಂತ್ರಕ್ಕೆ ಇರಲಿ, ಮೇಲಿನ ಬರಹ ಓದುವವರಿಗೆ ಇರಲಿ. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರೆ ಮಾತ್ರ ಕನ್ನಡದ ಗುಂಡಿಯೂ ಇಂಗ್ಲಿಷ್ ಗುಂಡಿಯಷ್ಟೇ ನಂಬಿಕೆಗೆ ಅರ್ಹವಾಗುತ್ತದೆ.